ನಮ್ಮಲ್ಲಿ ವೈದ್ಯರು ಎಷ್ಟು ಮಂದಿ? ಬಗ್ದಾದಿನಿಂದ ಊರಿಗಾಂವರೆಗೆ

ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ಅಮಾನತ್ ಎಂಬ ವಿಷಯದ ಮೇಲೆ ಮಾತನಾಡಿದ್ದೆ. ನಮ್ಮ ಶರೀರವೂ ಅಲ್ಲಾಹನು ಕೊಟ್ಟ ಅಮಾನತ್ತು, ಅದನ್ನು ತಿಳಿಯದವರ ಕೈಗೆ ಒಪ್ಪಿಸಬಾರದು ಎಂದು ಹೇಳಿದ್ದೆ. ನಮಾಝ್ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಕಾಲೇಜು ಓದುವ ಹುಡುಗನೊಬ್ಬ ಹತ್ತಿರ ಬಂದ. "ಹಜರತ್, ತಿಳಿದವರ ಹತ್ತಿರವೇ ಹೋಗಿ ಅಂತೀರಿ. ತಿಳಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ರಾತ್ರಿ ಹತ್ತು ಗಂಟೆಗೆ ಮಗುವಿಗೆ ಜ್ವರ ಏರಿದರೆ ಯಾರ ಬಾಗಿಲು ತಟ್ಟೋದು?" ಎಂದು ಕೇಳಿದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ. ಆಮೇಲೆ ಹಳೆಯ ಪುಸ್ತಕಗಳನ್ನೂ ಹೊಸ ವರದಿಗಳನ್ನೂ ಮುಂದಿಟ್ಟುಕೊಂಡು ಕುಳಿತೆ. ಖುತ್ಬಾದ ಹದಿನೈದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ವೈದ್ಯ ಎಂದು ಹೇಳಿಕೊಳ್ಳುವವರು ಎಷ್ಟು ಮಂದಿ ಎಂಬುದು ಒಂದು. ಅವರಲ್ಲಿ ವೈದ್ಯ ಕಲಿತವರು ಎಷ್ಟು ಮಂದಿ ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಯನ್ನು ಒಂದು ಇಡೀ ನಗರಕ್ಕೆ ಕೇಳಿದ ಹಳೆಯ ಉದಾಹರಣೆಯೊಂದು ನಮ್ಮ ಇತಿಹಾಸದಲ್ಲೇ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಹಿಜರಿ 319, ಅಂದರೆ ಕ್ರಿ.ಶ. 931. ಬಗ್ದಾದಿನಲ್ಲಿ ಖಲೀಫಾ ಅಲ್ ಮುಕ್ತದಿರ್ ಆಳುತ್ತಿದ್ದ ಕಾಲ. ವೈದ್ಯನೊಬ್ಬನ ತಪ್ಪಿನಿಂದ ಸಾಮಾನ್ಯ ಮನುಷ್ಯನೊಬ್ಬ ಸತ್ತ ಸುದ್ದಿ ಖಲೀಫನಿಗೆ ಮುಟ್ಟಿತು. ಆಗ ಆತ, ಆಸ್ಥಾನದ ವೈದ್ಯ ಸಿನಾನ್ ಇಬ್ನ್ ಸಾಬಿತ್ ಪರೀಕ್ಷೆ ಮಾಡಿ ಚೀಟಿ ಕೊಡುವ ತನಕ ನಗರದಲ್ಲಿ ಯಾರೂ ವೈದ್ಯ ಮಾಡಬಾರದು ಎಂದು ಅಪ್ಪಣೆ ಹೊರಡಿಸಿದ. ಟೈಗ್ರಿಸ್ ನದಿಯ ಎರಡೂ ದಡಗಳಿಂದ ಪರೀಕ್ಷೆಗೆ ಬಂದವರ ಸಂಖ್ಯೆ 860ಕ್ಕೂ ಮೇಲಾಯಿತು. ಹೆಸರುವಾಸಿಯಾದವರಿಗೂ ಅರಮನೆಯ ಸೇವೆಯಲ್ಲಿದ್ದವರಿಗೂ ಪರೀಕ್ಷೆಯಿಂದ ವಿನಾಯಿತಿ ಇತ್ತು. ಅವರು ಈ ಲೆಕ್ಕದಲ್ಲಿ ಸೇರಿಲ್ಲ. ಇಬ್ನುಲ್ ಕಿಫ್ತಿ ಮತ್ತು ಇಬ್ನ್ ಅಬೀ ಉಸೈಬಿಅ ಎಂಬ ಇತಿಹಾಸಕಾರರು ಇದನ್ನೆಲ್ಲ ದಾಖಲಿಸಿದ್ದಾರೆ. ಒಂದು ನಗರ ತನ್ನ ವೈದ್ಯರನ್ನು ಸಾಲಾಗಿ ನಿಲ್ಲಿಸಿ, ಎಣಿಸಿ, "ನೀನು ಯಾರ ಹತ್ತಿರ ಕಲಿತೆ?" ಎಂದು ಒಬ್ಬೊಬ್ಬರನ್ನೂ ಕೇಳಿದ ಸಂದರ್ಭ ಅದು.

ಈ ಪರೀಕ್ಷೆಯ ನಡುವೆ ನಡೆದ ಒಂದು ಘಟನೆಯನ್ನು ಇಬ್ನುಲ್ ಕಿಫ್ತಿ ಬರೆದಿಟ್ಟಿದ್ದಾನೆ. ಬಿ.ಎ. ಓದುವಾಗ ಮೊದಲ ಬಾರಿ ಓದಿದಾಗ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಒಂದು ದಿನ ಒಳ್ಳೆಯ ಬಟ್ಟೆ ತೊಟ್ಟ, ಗಂಭೀರ ಮುಖದ ಮುದುಕನೊಬ್ಬ ಬಂದ. ಇವನು ದೊಡ್ಡ ವಿದ್ವಾಂಸನಿರಬೇಕು ಎಂದುಕೊಂಡ ಸಿನಾನ್ ಅವನನ್ನು ಗೌರವದಿಂದ ಪಕ್ಕದಲ್ಲೇ ಕೂರಿಸಿಕೊಂಡ. ಉಳಿದವರೆಲ್ಲ ಹೋದ ಮೇಲೆ, ನಿಮ್ಮಿಂದಲೂ ಒಂದೆರಡು ಮಾತು ಕಲಿಯಬೇಕು, ನಿಮ್ಮ ಗುರು ಯಾರು ಎಂದು ಕೇಳಿದ. ಮುದುಕ ತೋಳಿನಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. ಅದರಲ್ಲಿ ದೀನಾರುಗಳಿದ್ದವು. ನನಗೆ ಓದು ಬರಹ ಸರಿಯಾಗಿ ಬಾರದು, ಮನೆ ತುಂಬ ಮಂದಿ ಇದ್ದಾರೆ, ಈ ಕಸುಬೇ ಅನ್ನ, ದಯವಿಟ್ಟು ಅದನ್ನು ಕಡಿಯಬೇಡಿ ಎಂದು ಬೇಡಿಕೊಂಡ. ಸಿನಾನ್ ನಕ್ಕು ಒಂದು ಷರತ್ತು ಹಾಕಿದ: ಗೊತ್ತಿಲ್ಲದ ಕಾಯಿಲೆಗೆ ಕೈ ಹಾಕಬಾರದು, ರಕ್ತ ತೆಗೆಯುವುದು, ಬಲವಾದ ಭೇದಿ ಮದ್ದು ಕೊಡುವುದು, ಇವನ್ನು ಸಣ್ಣ ಕಾಯಿಲೆಗಳ ಆಚೆ ಒಯ್ಯಬಾರದು. ಮುದುಕ, ನನ್ನ ಜೀವಮಾನವಿಡೀ ಇದೇ ನನ್ನ ಪದ್ಧತಿ, ಶರಬತ್ತು ಸಿಕಂಜಬೀನ್‌ಗಳನ್ನು ನಾನು ದಾಟಿದವನೇ ಅಲ್ಲ ಎಂದ. ಮರುದಿನ ಒಬ್ಬ ಚೆಲುವ ಯುವಕ ಬಂದ. ಯಾರ ಹತ್ತಿರ ಕಲಿತೆ ಎಂದರೆ ನನ್ನ ತಂದೆಯ ಹತ್ತಿರ ಎಂದ. ತಂದೆ ಯಾರು ಎಂದರೆ, ನಿನ್ನೆ ನಿಮ್ಮ ಬಳಿ ಕುಳಿತಿದ್ದ ಶೇಖ್! ನೀನೂ ಆ ದಾರಿಯಲ್ಲೇ ಇರು, ಅದನ್ನು ದಾಟಬೇಡ ಎಂದು ಹೇಳಿ ಸಿನಾನ್ ಅವನನ್ನೂ ಕಳಿಸಿದ.

ಸಿನಾನ್ ಮಾಡಿದ್ದು ಸರಿಯೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಆತ ಮುದುಕನನ್ನು ಜೈಲಿಗೆ ಕಳಿಸಲಿಲ್ಲ. ವೈದ್ಯ ಎಂಬ ಪಟ್ಟವನ್ನು ಪೂರ್ತಿಯಾಗಿ ಕೊಡಲೂ ಇಲ್ಲ. ಸುತ್ತ ಒಂದು ಗೆರೆ ಎಳೆದ. ಆದರೆ ಆ ಗೆರೆ ಸಿನಾನ್‌ಗೂ ಮುದುಕನಿಗೂ ಮಾತ್ರ ಗೊತ್ತಿತ್ತು, ಮುದುಕನ ಬಾಗಿಲಿಗೆ ಬರುವ ರೋಗಿಗೆ ಗೊತ್ತಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದೇ ಸಿನಾನ್‌ಗೆ ವಝೀರ್ ಅಲೀ ಇಬ್ನ್ ಈಸಾ ಇನ್ನೊಂದು ಕೆಲಸವನ್ನೂ ಒಪ್ಪಿಸಿದ್ದ. ಸೆರೆಮನೆಗಳಿಗೆ ದಿನಾ ವೈದ್ಯರು ಹೋಗಬೇಕು, ವೈದ್ಯರೇ ಇಲ್ಲದ ಹಳ್ಳಿಗಳಿಗೆ ಮದ್ದಿನ ಪೆಟ್ಟಿಗೆಯೊಂದಿಗೆ ವೈದ್ಯರು ಸುತ್ತಬೇಕು ಎಂದು. ವೈದ್ಯರೆಲ್ಲ ಪಟ್ಟಣದಲ್ಲಿ, ಕಾಯಿಲೆಗಳು ಎಲ್ಲೆಡೆ ಎಂಬ ದೂರು ಹೊಸದಲ್ಲ.

ಈಗ ನಮ್ಮ ಊರಿಗಾಂಗೆ ಬರೋಣ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಸರ್ವೆಗೆ ಬಂದಾಗ, ಊರಿಗಾಂ ಮತ್ತು ಮಾರಿಕುಪ್ಪಂ ಸುತ್ತಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ನಮ್ಮ ನಂತರ ಎಂದು ಹೇಳಿಕೊಳ್ಳುವುದು ಇಲ್ಲಿನ ಹಿರಿಯರಿಗೆ ಈಗಲೂ ಹೆಮ್ಮೆ.

ಅದೇ ಕಾಲದಲ್ಲಿ ಗಣಿ ಆಸ್ಪತ್ರೆಯೂ ಬೆಳೆಯಿತು. ಡಾಕ್ಟರ್ ಟಿ.ಜೆ. ಓಡೊನೆಲ್, ಅವರ ನಂತರ ಅವರ ಸಹೋದರ ಹೆನ್ರಿ ಓಡೊನೆಲ್ ಅದನ್ನು ನಡೆಸಿದವರು. ಚಾಂಪಿಯನ್ ರೀಫ್ಸ್‌ನ ಆ ಕಟ್ಟಡವನ್ನು ನಮ್ಮವರು ಇವತ್ತಿಗೂ ಗಣಿ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮೇಲೆ ಯುರೋಪಿನಲ್ಲಿ ಓದಿ ಬಂದ ಡಾಕ್ಟರು, ಕೆಳಗೆ ಇಲ್ಲಿ ಕಲಿತ ಡಾಕ್ಟರುಗಳು, ಆಮೇಲೆ ನರ್ಸುಗಳು, ಕಂಪೌಂಡರ್, ಗಾಯ ತೊಳೆದು ಕಟ್ಟುವ ಡ್ರೆಸ್ಸರ್, ವಾರ್ಡ್ ಬಾಯ್, ಆಯಾ. ಆ ಕಾಲದ ಯಾವ ದೊಡ್ಡ ಆಸ್ಪತ್ರೆಯ ಏಣಿಯೂ ಇದೇ. ಗಾಡಿಯಲ್ಲಿ ಗಾಯಾಳು ಬಂದರೆ ಮೊದಲು ಕೈ ಮುಟ್ಟುವವನು ಏಣಿಯ ಕೆಳಗಿನ ಡ್ರೆಸ್ಸರೇ. ನಿವೃತ್ತನಾದ ಡ್ರೆಸ್ಸರ್ ತನ್ನ ಓಣಿಯಲ್ಲಿ "ಡಾಕ್ಟರ್" ಆಗುತ್ತಿದ್ದ. ಜನ ಮೋಸ ಹೋಗುತ್ತಿದ್ದರು ಅಂತಲ್ಲ. ಇಪ್ಪತ್ತು ವರ್ಷ ಗಾಯ ಕಟ್ಟಿದ ಕೈ ಎಂಬ ನಂಬಿಕೆ ಅದು, ಗಾಯದ ಮಟ್ಟಿಗೆ ಆ ನಂಬಿಕೆ ಸುಳ್ಳೂ ಅಲ್ಲ.

ಆಗ ಡಾಕ್ಟರು ಎಂದರೇನೇ ಎರಡು ಬಗೆ. ವಿಶ್ವವಿದ್ಯಾಲಯದ ಪದವಿ ಪಡೆದವರು ಒಂದು. ಮೆಟ್ರಿಕ್ ಮುಗಿಸಿ ವೈದ್ಯಕೀಯ ಶಾಲೆಯಲ್ಲಿ ಸುಮಾರು ನಾಲ್ಕು ವರ್ಷ ಕಲಿತು ಲೈಸೆನ್ಸ್ ಪಡೆದವರು ಇನ್ನೊಂದು, ಇವರನ್ನು ಎಲ್.ಎಂ.ಪಿ. ಎನ್ನುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಇಂಥವರನ್ನು ತಯಾರು ಮಾಡುವ ಶಾಲೆ 1917ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಪದವಿ ಕೊಡುವ ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬಂತು. ಅದೂ ಮೊದಲು ಬೆಂಗಳೂರಿನಲ್ಲೇ ನಡೆದು 1930ರಲ್ಲಿ ಮೈಸೂರಿಗೆ ಹೋಯಿತು.

ಸ್ವಾತಂತ್ರ್ಯಕ್ಕೆ ಮುನ್ನ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯೊಂದು ಇಡೀ ಬ್ರಿಟಿಷ್ ಇಂಡಿಯಾದ ಲೆಕ್ಕ ತೆಗೆಯಿತು. ವರದಿ ಬಂದದ್ದು 1946ರಲ್ಲಿ. ಸಿನಾನ್‌ನ ನಂತರ ನಾನು ಅಷ್ಟೇ ಆಸಕ್ತಿಯಿಂದ ಓದಿದ ಲೆಕ್ಕ ಇದು. ನೋಂದಾಯಿತ ವೈದ್ಯರು 47,524. ಅವರಲ್ಲಿ ಪದವೀಧರರು 17,654, ಲೈಸೆನ್ಸಿನವರು 29,870. ಸುಮಾರು 6,000 ಜನರಿಗೆ ಒಬ್ಬ ವೈದ್ಯ ಎಂದಾಯಿತು. ದಾದಿಯರು ಇಡೀ ದೇಶಕ್ಕೆ ಏಳು ಸಾವಿರದಷ್ಟು ಮಾತ್ರ: 43,000 ಜನರಿಗೆ ಒಬ್ಬಳು! ಇಂಗ್ಲೆಂಡಿನಲ್ಲಿ ಆಗ ಮುನ್ನೂರು ಜನರಿಗೆ ಒಬ್ಬ ದಾದಿ ಇದ್ದಳು. ವೈದ್ಯರಲ್ಲಿ ಮುಕ್ಕಾಲು ಪಾಲು ಪಟ್ಟಣಗಳಲ್ಲೇ ಇದ್ದರು. ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯಾ ಅಲ್ಲದ್ದರಿಂದ ನಮ್ಮ ಊರಿಗಾಂ ಈ ಲೆಕ್ಕದಲ್ಲಿ ಇಲ್ಲ. ಗಣಿಯ ಕೂಲಿಯನ್ನು ಕಂಪನಿ ಟೋಕನ್ ಹಾಕಿ ಎಣಿಸುತ್ತಿತ್ತು. 1930ರಲ್ಲಿ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಕಾರ್ಮಿಕರು ದೊಡ್ಡ ಮುಷ್ಕರವನ್ನೇ ಹೂಡಿದರು. ಕೂಲಿಯ ಲೆಕ್ಕ ಇತ್ತು. ಆ ಕೂಲಿಯ ಹೆಂಡತಿಗೆ ಹೆರಿಗೆ ಮಾಡಿಸುವವಳ ಲೆಕ್ಕ ಯಾರೂ ಇಡಲಿಲ್ಲ.

ನನ್ನ ನಾನಿಯೇ ಅಂಥವಳು. ಓಣಿಯಲ್ಲಿ ಹೆರಿಗೆ ಎಂದರೆ ನಾನಿಗೆ ಕರೆ ಬರುತ್ತಿತ್ತು. ಮುಸ್ಲಿಮರ ಮನೆಯಾಗಲಿ, ತಮಿಳರ ಲೈನ್ ಮನೆಯಾಗಲಿ, ಹೋಗುತ್ತಿದ್ದಳು. ಕೈ ತೊಳೆಯಲು ಬಿಸಿನೀರು, ಹೊಸ ಬ್ಲೇಡು, ಇಷ್ಟು ಅವಳ ನಿಯಮ. ಮಗು ಅಡ್ಡ ಇದೆ ಎಂದು ಕೈಗೆ ತಿಳಿದರೆ ಮುಟ್ಟುತ್ತಿರಲಿಲ್ಲ, ಆಸ್ಪತ್ರೆಗೆ ಗಾಡಿ ಕಟ್ಟಿ ಎನ್ನುತ್ತಿದ್ದಳು. ಸಿನಾನ್‌ನ ಗೆರೆ ಅವಳಿಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು. ಜನಗಣತಿಯವರು ಬಂದಾಗ ಅವಳ ಹೆಸರಿನ ಮುಂದೆ "ಕೆಲಸವಿಲ್ಲ" ಎಂದು ಬರೆದುಕೊಂಡು ಹೋದರಂತೆ.

ಭೋರ್ ಸಮಿತಿ ಒಂದು ದೊಡ್ಡ ತೀರ್ಮಾನ ಮಾಡಿತು. ಇನ್ನು ಮುಂದೆ ಒಂದೇ ಬಗೆಯ ಡಾಕ್ಟರು ಸಾಕು, ಎಲ್ಲರೂ ಪದವೀಧರರೇ ಆಗಬೇಕು, ಲೈಸೆನ್ಸಿನ ಶಾಲೆಗಳು ಬೇಡ ಎಂದಿತು. ಸಮಿತಿಯ ಕೆಲವು ಸದಸ್ಯರು ಒಪ್ಪಲಿಲ್ಲ. ಇಷ್ಟು ದೊಡ್ಡ ದೇಶಕ್ಕೆ ಪದವೀಧರರು ಬೇಗ ಸಿಗುವುದಿಲ್ಲ, ಹಳ್ಳಿಗೆ ಹೋಗುವವನು ಲೈಸೆನ್ಸಿನವನೇ ಎಂದು ಭಿನ್ನಮತ ಬರೆದರು. ಬಹುಮತ ಗೆದ್ದಿತು, ಶಾಲೆಗಳು ಮುಚ್ಚಿದವು ಇಲ್ಲವೇ ಕಾಲೇಜುಗಳಾದವು. ಬಡವನಿಗೆ ಎರಡನೇ ದರ್ಜೆ ಡಾಕ್ಟರು ಯಾಕೆ ಎಂಬ ಆ ಆಶಯ ಉದಾತ್ತವಾದದ್ದೇ. ಆದರೆ ನನ್ನ ಅಭಿಪ್ರಾಯದಲ್ಲಿ ಭಿನ್ನಮತದವರ ಮಾತಿಗೆ ಇನ್ನಷ್ಟು ಕಿವಿಗೊಡಬೇಕಿತ್ತು. ನಾಲ್ಕು ವರ್ಷ ಕಲಿತವನು ಬಿಟ್ಟುಹೋದ ಜಾಗಕ್ಕೆ ಐದೂವರೆ ವರ್ಷ ಕಲಿತವನು ಬರಲಿಲ್ಲ. ಹಲವು ಕಡೆ ಏನೂ ಕಲಿಯದವನು ಬಂದು ಕುಳಿತ.

ಎಷ್ಟು ಮಂದಿ ಹಾಗೆ ಕುಳಿತರು ಎಂಬುದು ಗೊತ್ತಾಗಲು 2001ರ ಜನಗಣತಿ ಬೇಕಾಯಿತು. ಆ ವರ್ಷ ಫೆಬ್ರವರಿ 9ರಿಂದ 28ರವರೆಗೆ ಗಣತಿಯವರು ಮನೆಮನೆ ಸುತ್ತಿದರು. ಕೆ.ಜಿ.ಎಫ್.ನವರಿಗೆ ಆ ತಿಂಗಳು ಮರೆಯುವಂಥದ್ದಲ್ಲ. ಅದೇ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಗಣಿಯ ಆಸ್ಪತ್ರೆಯ ನರ್ಸು, ಕಂಪೌಂಡರುಗಳನ್ನು ಗಣತಿಯವರು ಕೆಲಸದಲ್ಲಿರುವವರು ಎಂದು ಬರೆದುಕೊಂಡ ಶಾಯಿ ಒಣಗುವಷ್ಟರಲ್ಲಿ ಅವರ ಕೆಲಸ ಹೋಗಿತ್ತು.

ಆ ಗಣತಿಯ ಹಾಳೆಗಳನ್ನು ಸುಧೀರ್ ಆನಂದ್ ಮತ್ತು ವಿಕ್ಟೋರಿಯಾ ಫ್ಯಾನ್ ಎಂಬ ಸಂಶೋಧಕರು ಜಿಲ್ಲಾವಾರು ಬಿಡಿಸಿ ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2016ರಲ್ಲಿ ಪ್ರಕಟಿಸಿತು. ದೇಶದಲ್ಲಿ ಒಟ್ಟು ಸುಮಾರು 20.7 ಲಕ್ಷ ಆರೋಗ್ಯ ಕಾರ್ಯಕರ್ತರು. ಅವರಲ್ಲಿ ವೈದ್ಯರು 8.19 ಲಕ್ಷ; ದಾದಿಯರು ಮತ್ತು ಸೂಲಗಿತ್ತಿಯರು 6.30 ಲಕ್ಷ. ಡಾಕ್ಟರಿಗಿಂತ ದಾದಿಯರೇ ಕಡಿಮೆ! ಒಬ್ಬ ಡಾಕ್ಟರಿಗೆ ಎರಡು ಮೂರು ದಾದಿಯರಿರಬೇಕಾದ ಜಾಗದಲ್ಲಿ ಒಬ್ಬಳೂ ಪೂರ್ತಿಯಾಗಿ ಇಲ್ಲ. ವೈದ್ಯರಲ್ಲಿ ನೂರಕ್ಕೆ 77 ಮಂದಿ ಅಲೋಪಥಿ, ಉಳಿದವರು ಆಯುರ್ವೇದ, ಹೋಮಿಯೋಪಥಿ, ಯುನಾನಿಯವರು. ಪಟ್ಟಣದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ವೈದ್ಯರು ಹಳ್ಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು.

ಇನ್ನು ಸಿನಾನ್‌ನ ಪ್ರಶ್ನೆ. ಗಣತಿಯಲ್ಲಿ ಕಸುಬಿನ ಜೊತೆ ಓದನ್ನೂ ಕೇಳುತ್ತಾರೆ. ನಾನು ಅಲೋಪಥಿ ಡಾಕ್ಟರ್ ಎಂದು ತಾವೇ ಬರೆಸಿದವರಲ್ಲಿ ನೂರಕ್ಕೆ 31 ಮಂದಿಯ ಓದು ಹೈಸ್ಕೂಲಿನ ಮಟ್ಟ ದಾಟಿರಲಿಲ್ಲ. ನೂರಕ್ಕೆ 57 ಮಂದಿಗೆ ವೈದ್ಯಕೀಯ ಅರ್ಹತೆಯೇ ಇರಲಿಲ್ಲ. ಹಳ್ಳಿಗಳನ್ನಷ್ಟೇ ತೆಗೆದುಕೊಂಡರೆ ಅರ್ಹತೆ ಇದ್ದವರು ನೂರಕ್ಕೆ 19ಕ್ಕೂ ಕಡಿಮೆ. ಐವರು ಡಾಕ್ಟರಲ್ಲಿ ಒಬ್ಬನೂ ಪೂರ್ತಿ ಇಲ್ಲ! 2018ರಲ್ಲಿ ಕೇಂದ್ರ ಆರೋಗ್ಯ ಸಚಿವರು ಈ ಲೆಕ್ಕ ತಪ್ಪು, ಅರ್ಹತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ ಎಂದರು. 2019ರಲ್ಲಿ ಹೊಸ ವೈದ್ಯಕೀಯ ಆಯೋಗದ ಕಾನೂನು ತರುವಾಗ ಅದೇ ಇಲಾಖೆ ಅದೇ 57ರ ಸಂಖ್ಯೆಯನ್ನು ತನ್ನ ಸಮರ್ಥನೆಗೆ ಬಳಸಿತು. ಒಂದೇ ಅಂಕಿ, ಬೇಡವಾದಾಗ ತಪ್ಪು, ಬೇಕಾದಾಗ ಸರಿ. ನೋಂದಣಿ ಪುಸ್ತಕದಲ್ಲಿ ಅರ್ಹತೆ ಇಲ್ಲದವರು ಇರುವುದಿಲ್ಲ, ನಿಜ. ಅವರು ನಮ್ಮ ಓಣಿಯಲ್ಲಿ ಇರುತ್ತಾರೆ.

ಪುಸ್ತಕದ ಲೆಕ್ಕಕ್ಕೂ ಅದರದ್ದೇ ರೋಗವಿದೆ. 2024ರ ಜುಲೈಗೆ ದೇಶದಲ್ಲಿ ನೋಂದಾಯಿತ ಅಲೋಪಥಿ ವೈದ್ಯರು 13,86,136 ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನೂರಕ್ಕೆ ಎಂಬತ್ತು ಮಂದಿ ಕೆಲಸದಲ್ಲಿದ್ದಾರೆ ಎಂದು ಊಹಿಸಿ, ಆಯುಷ್ ವೈದ್ಯರನ್ನೂ ಸೇರಿಸಿ, 836 ಜನರಿಗೆ ಒಬ್ಬ ವೈದ್ಯ ಎಂದು ಲೆಕ್ಕ ಹಾಕಿತು. ಪುಸ್ತಕಕ್ಕೆ ಹೆಸರು ಸೇರುತ್ತದೆ, ಸತ್ತವರ ಮತ್ತು ಹೊರದೇಶಕ್ಕೆ ಹೋದವರ ಹೆಸರು ಸುಲಭಕ್ಕೆ ಹೊರಬರುವುದಿಲ್ಲ. ಆದ್ದರಿಂದ ಬೇರೆ ಸಂಶೋಧಕರು 2017–18ರ ರಾಷ್ಟ್ರೀಯ ಸಮೀಕ್ಷೆಯ ಜೊತೆ ಪುಸ್ತಕವನ್ನು ಹೋಲಿಸಿದರು. ಪುಸ್ತಕದ ಪ್ರಕಾರ 10,000 ಜನರಿಗೆ 8.8 ಡಾಕ್ಟರು, 17.7 ದಾದಿ. ನಿಜವಾಗಿ ಕೆಲಸದಲ್ಲಿದ್ದು ಸಾಕಷ್ಟು ಅರ್ಹತೆಯೂ ಇರುವವರನ್ನಷ್ಟೇ ಎಣಿಸಿದರೆ 5 ಡಾಕ್ಟರು, 6 ದಾದಿ. ದಾದಿಯರ ಅಂಕಿ ಮೂರನೇ ಒಂದು ಭಾಗಕ್ಕೆ ಇಳಿದದ್ದು ನೋಡಿ.

ಅಂಕಿಗಳನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಇದೆಲ್ಲ ನನಗೆ ಯಾಕೆ ಮುಖ್ಯವಾಯಿತು ಎಂಬುದನ್ನು ಹೇಳಬೇಕು.

ನನ್ನ ಹೆಂಡತಿಯ ತಂದೆ ಗಣಿಯ ಆಳದಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡಿದವರು. ಗಣಿ ಮುಚ್ಚಿ ಕೆಲವು ವರ್ಷಗಳ ಮೇಲೆ ಕೆಮ್ಮು ಶುರುವಾಯಿತು. ಓಣಿಯಲ್ಲಿ ಒಬ್ಬರು "ಡಾಕ್ಟರ್" ಇದ್ದರು. ಒಳ್ಳೆಯ ಮನುಷ್ಯ, ರಾತ್ರಿ ಕರೆದರೂ ಬರುತ್ತಿದ್ದರು, ಬಡವರಿಗೆ ಸಾಲ ಹೇಳುತ್ತಿದ್ದರು. ಅವರು ಕೆಮ್ಮಿಗೆ ಸಿರಪ್ ಕೊಟ್ಟರು, ಆಮೇಲೆ ಇಂಜೆಕ್ಷನ್ನು, ಆಮೇಲೆ ಬೇರೆ ಇಂಜೆಕ್ಷನ್ನು. ಹೀಗೆ ಎರಡು ವರ್ಷ. ನಾನೇನು ಮಾಡಿದೆ? ಪ್ರತಿ ಗುರುವಾರ ನೀರಿಗೆ ಓದಿ ಊದಿ ಕೊಟ್ಟೆ. ದುಆ ಮಾಡುವುದು ನಮ್ಮ ಕರ್ತವ್ಯ, ಅದರಲ್ಲಿ ಶಿಫಾ ಇದೆ ಎಂಬ ನನ್ನ ನಂಬಿಕೆ ಇಂದಿಗೂ ಅಲುಗಿಲ್ಲ. ಆದರೆ "ಒಮ್ಮೆ ಎಕ್ಸ್‌ರೇ ತೆಗೆಸೋಣ" ಎಂಬ ಮಾತನ್ನು ನಾನು ಹೇಳಬೇಕಿತ್ತು, ಹೇಳಲಿಲ್ಲ. ಕೊನೆಗೆ ಉಸಿರು ಎಳೆಯಲಾಗದೆ ಬೆಂಗಳೂರಿಗೆ ಒಯ್ದಾಗ ಅಲ್ಲಿನ ವೈದ್ಯೆ ಫಿಲ್ಮನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಪ್ರಶ್ನೆ: "ಇವರು ಎಷ್ಟು ವರ್ಷ ಗಣಿಯಲ್ಲಿದ್ದರು?" ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾವು ಕೆಮ್ಮಿಗೆ ಮದ್ದು ಹುಡುಕುತ್ತಿದ್ದೆವು. ಇದ್ದದ್ದು ಸಿಲಿಕೋಸಿಸ್, ಅದರ ಮೇಲೆ ಕ್ಷಯ.

ಹೊಸ ತಲೆಮಾರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಗಟ್ಟಿ ಕಲ್ಲನ್ನು ಕೊರೆದಾಗ ಏಳುವ ನುಣುಪು ಧೂಳು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಗಾಯ ಕಟ್ಟಿ ಗಂಟಾಗುತ್ತದೆ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತಲೇ ಇರಬಹುದು. ಅಂಥ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. ಎರಡಕ್ಕೂ ಕೆಮ್ಮು, ಸುಸ್ತು, ತೂಕ ಇಳಿಯುವುದೇ ಲಕ್ಷಣ. ಯಾವುದು ಯಾವುದೆಂದು ಹೇಳಲು ಎಕ್ಸ್‌ರೇ ಬೇಕು, ಎಕ್ಸ್‌ರೇ ಓದಲು ಬರುವವರು ಬೇಕು, ರೋಗಿಯ ಕಸುಬನ್ನು ಕೇಳುವ ಬುದ್ಧಿ ಬೇಕು.

ವಿಪರ್ಯಾಸವೆಂದರೆ ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿ ಲೆಕ್ಕವಿಟ್ಟದ್ದು ನಮ್ಮ ಕೋಲಾರ ಚಿನ್ನದ ಗಣಿಯಲ್ಲೇ. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ನಿಯಮಗಳನ್ನು ತಂದಿತು. 1940ರಿಂದ 1946ರವರೆಗೆ ಗಣಿಯ ವೈದ್ಯರು ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯ ಚಿತ್ರ ತೆಗೆದು ನೋಡಿದರು. ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ಕಂಡಿತು. ಕಂಪನಿಯೇನೂ ಧರ್ಮಕ್ಕೆ ಮಾಡಿದ್ದಲ್ಲ. ಪರಿಹಾರ ಕೊಡಬೇಕಾದರೆ ಯಾರಿಗೆ ರೋಗ ಇದೆ, ಯಾರಿಗೆ ಇಲ್ಲ ಎಂದು ತಿಳಿಯಬೇಕಿತ್ತು. ಕಾರಣ ಏನೇ ಇರಲಿ, ಊರಿನಲ್ಲಿ ಆ ಚಿತ್ರವನ್ನು ಓದಬಲ್ಲ ಕಣ್ಣುಗಳಿದ್ದವು. ಅರವತ್ತು ವರ್ಷ ಕಳೆದ ಮೇಲೆ ಅದೇ ಊರಿನ, ಅದೇ ಗಣಿಯ ಕಾರ್ಮಿಕನೊಬ್ಬ ಎರಡು ವರ್ಷ ಸಿರಪ್ ಕುಡಿದ. ಒಂದು ಆಸ್ಪತ್ರೆ ಮುಚ್ಚಿದರೆ ಹಾಸಿಗೆಗಳಷ್ಟೇ ಹೋಗುವುದಿಲ್ಲ.

2021ರ ಮೇ ತಿಂಗಳು ಕೋವಿಡ್ ಎರಡನೇ ಅಲೆಯಲ್ಲಿ ಆ ಹಳೆಯ ಗಣಿ ಆಸ್ಪತ್ರೆಯ ಬೀಗ ತೆಗೆದದ್ದು ನಿಮಗೆ ನೆನಪಿರಬಹುದು. ಇಪ್ಪತ್ತು ವರ್ಷದ ಧೂಳನ್ನು ಸ್ವಯಂಸೇವಕರು ಗುಡಿಸಿ, ತೊಳೆದು, ಕೆಲವೇ ವಾರಗಳಲ್ಲಿ ಹಾಸಿಗೆಗಳನ್ನು ಹಾಕಿದರು. ಅಲ್ಲಾಹನು ಅವರಿಗೆಲ್ಲ ಪ್ರತಿಫಲ ಕೊಡಲಿ. ಕಟ್ಟಡವನ್ನು ವಾರಗಳಲ್ಲಿ ಎಬ್ಬಿಸಬಹುದು. ಒಬ್ಬ ಜಿ.ಎನ್.ಎಂ. ನರ್ಸ್ ತಯಾರಾಗಲು ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್‌ಗೆ ನಾಲ್ಕು, ಎಂ.ಬಿ.ಬಿ.ಎಸ್.ಗೆ ಐದೂವರೆ.

ಓಣಿಯ ಡಾಕ್ಟರನ್ನು ಏನು ಮಾಡಬೇಕು? ಪ್ರವಾದಿ ಮುಹಮ್ಮದ್(ಸ)ರ ಒಂದು ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ. ವೈದ್ಯ ಬಲ್ಲವನೆಂದು ಮೊದಲೇ ಹೆಸರಿಲ್ಲದವನು ವೈದ್ಯ ಮಾಡಲು ಹೋದರೆ ಆಗುವ ಹಾನಿಗೆ ಅವನೇ ಹೊಣೆ ಎಂಬುದು ಅದರ ಸಾರ. ಹದಿನಾಲ್ಕನೇ ಶತಮಾನದ ಡಮಾಸ್ಕಸ್‌ನ ವಿದ್ವಾಂಸ ಇಬ್ನುಲ್ ಕಯ್ಯಿಮ್ ಇದನ್ನು ವಿವರಿಸುತ್ತಾ ಸೂಕ್ಷ್ಮವಾದ ಒಂದು ವ್ಯತ್ಯಾಸ ಮಾಡುತ್ತಾರೆ. ಇವನಿಗೆ ವೈದ್ಯ ಗೊತ್ತಿಲ್ಲ ಎಂದು ತಿಳಿದೂ ರೋಗಿ ತಾನೇ ಒಪ್ಪಿಕೊಂಡಿದ್ದರೆ ದಂಡದ ಹೊಣೆ ಬೇರೆ. ವೈದ್ಯನೆಂದು ನಂಬಿ ಒಪ್ಪಿಕೊಂಡಿದ್ದರೆ ಬೇರೆ. ಎರಡನೆಯದರಲ್ಲಿ ಪೂರ್ತಿ ಹೊಣೆ ಚಿಕಿತ್ಸೆ ಮಾಡಿದವನದು. ಬಗ್ದಾದಿನ ಮುದುಕನ ಕಥೆಯಲ್ಲಿ ಬಿಟ್ಟುಹೋದದ್ದು ಇದೇ. ಗೆರೆ ಎಲ್ಲಿದೆ ಎಂಬುದು ರೋಗಿಗೆ ಗೊತ್ತಿರಬೇಕು. ಬೋರ್ಡಿನ ಮೇಲೆ ಹೆಸರಿನ ಪಕ್ಕ ಪದವಿ, ನೋಂದಣಿ ಸಂಖ್ಯೆ ಇದೆಯೇ ಎಂದು ನೋಡುವುದು ಅವಮಾನವಲ್ಲ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಪಡುವುದಿಲ್ಲ.

ನಮ್ಮ ಹಕೀಮರ ಬಗ್ಗೆಯೂ ಇಲ್ಲಿ ಹೇಳಬೇಕು. ಯುನಾನಿ ಓದಿದವರೆಲ್ಲ ಅನರ್ಹರು ಎಂದು ಯಾರಾದರೂ ಹೇಳಿದರೆ ಅದು ತಪ್ಪು. 1970ರ ಕಾನೂನಿನಿಂದ ಅವರಿಗೂ ಪಠ್ಯ, ಪದವಿ, ನೋಂದಣಿ ಇವೆ. ಬೆಂಗಳೂರಿನಲ್ಲೇ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆ. ಆದರೆ ತಾನು ಕಲಿಯದ ಪದ್ಧತಿಯ ಮದ್ದು ಬರೆಯುವವನು ಆ ಮಟ್ಟಿಗೆ ಅನರ್ಹನೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೋಮಿಯೋಪಥಿ ವೈದ್ಯರೊಬ್ಬರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಜ್ಜನ ಹೆಸರು ಹೇಳಿಕೊಂಡು ಪುಡಿ ಮಾರುವವರ ವಿಷಯ ಬೇರೆ. ಅದು ಬಗ್ದಾದಿನ ಮುದುಕನ ಮಗನ ವಿಷಯ.

ಅರ್ಹತೆ ಇಲ್ಲದವರನ್ನು ಪೊಲೀಸರ ಕೈಗೆ ಕೊಟ್ಟುಬಿಟ್ಟರೆ ಮುಗಿಯಿತೇ? ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಇಂಥ ಹಳ್ಳಿ ವೈದ್ಯರಿಗೆ ಒಂಬತ್ತು ತಿಂಗಳ ತರಬೇತಿ ಕೊಟ್ಟು ನೋಡಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಕಾಯಿಲೆಯನ್ನು ಸರಿಯಾಗಿ ನಿಭಾಯಿಸುವುದು ಸುಧಾರಿಸಿತು, ಬೇಡದ ಮದ್ದು ಕೊಡುವ ಚಟ ಕಡಿಮೆಯಾಗಲಿಲ್ಲ. ಸಿನಾನ್ ಇದ್ದಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. 2019ರ ಕಾನೂನಿನಲ್ಲೂ ಸೀಮಿತ ಅಧಿಕಾರದ "ಸಮುದಾಯ ಆರೋಗ್ಯ ಸೇವಕ"ರಿಗೆ ಒಂದು ವಿಧಿ ಇದೆ. ವೈದ್ಯರ ಸಂಘಗಳು ಅದನ್ನು ಬಲವಾಗಿ ವಿರೋಧಿಸಿದವು. ಭೋರ್ ಸಮಿತಿಯ ಜಗಳ ಇನ್ನೂ ಮುಗಿದಿಲ್ಲ.

ಓಣಿಯ ಮಟ್ಟದಲ್ಲಿ ಇಂದು ಗೆರೆಯನ್ನು ಚೆನ್ನಾಗಿ ಬಲ್ಲವರು ಆಶಾ ಕಾರ್ಯಕರ್ತೆಯರು. 2005ರಿಂದ ಬಂದ ವ್ಯವಸ್ಥೆ ಅದು. ಕರ್ನಾಟಕದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ಗರ್ಭಿಣಿಯ ಹೆಸರು ಬರೆಯುವುದು, ಚುಚ್ಚುಮದ್ದಿಗೆ ಕರೆದೊಯ್ಯುವುದು, ಕ್ಷಯದ ಮಾತ್ರೆ ನುಂಗಿದರೇ ಎಂದು ನೋಡುವುದು ಅವರ ಕೆಲಸ. ಇಂಜೆಕ್ಷನ್ ಕೈಗೆ ತೆಗೆದುಕೊಳ್ಳುವುದಿಲ್ಲ. ಕೈಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಅದನ್ನು ಹೆಚ್ಚಿಸಬೇಕೆಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಬಯಲಲ್ಲಿ ಕುಳಿತಿದ್ದರು. ನಮ್ಮ ನಾನಿಯ ಹೆಸರಿನ ಮುಂದೆ ಬರೆದ "ಕೆಲಸವಿಲ್ಲ" ನನಗೆ ಆಗ ನೆನಪಾಯಿತು.

ಕೊನೆಗೆ ನಮ್ಮ ಮನೆಗಳ ವಿಷಯ. ಮಗ ಡಾಕ್ಟರಾಗಲಿ ಎಂದು ದುಆ ಮಾಡಿಸಿಕೊಳ್ಳಲು ಬರುವವರಿಗೆ ಕೊರತೆಯಿಲ್ಲ. ಡಾಕ್ಟರ್ ಮುಮ್ತಾಝ್ ಅಹ್ಮದ್ ಖಾನ್ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಸಂಸ್ಥೆ ಕಟ್ಟಿ, ಆಮೇಲೆ ಬಿಜಾಪುರದಲ್ಲಿ ಮೆಡಿಕಲ್ ಕಾಲೇಜೂ ಬಂದು, ಆ ದಾರಿ ನಮ್ಮವರಿಗೆ ಅಷ್ಟಿಷ್ಟು ತೆರೆದಿದೆ. ಮಗಳು ನರ್ಸ್ ಆಗಲಿ ಎಂದು ದುಆ ಕೇಳಿದವರನ್ನು ನಾನು ಒಂದು ಕೈಯ ಬೆರಳಲ್ಲಿ ಎಣಿಸಬಲ್ಲೆ. ನೈಟ್ ಡ್ಯೂಟಿ, ಪರ ಗಂಡಸರನ್ನು ಮುಟ್ಟಬೇಕು, ಮದುವೆಗೆ ಕಷ್ಟ, ಹೀಗೆ ಕಾರಣಗಳಿವೆ. ಆದರೆ ನಮ್ಮ ತಾಯಿ ಐ.ಸಿ.ಯು.ನಲ್ಲಿದ್ದರೆ ಹೆಣ್ಣು ನರ್ಸೇ ಬೇಕು ಎಂದು ಹಠ ಹಿಡಿಯುವವರೂ ನಾವೇ. ಆ ನರ್ಸ್ ಯಾರ ಮನೆಯಿಂದ ಬರಬೇಕು? ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಇಬ್ನ್ ಮುಆಝ್(ರ)ರನ್ನು ಪ್ರವಾದಿ(ಸ) ಕಳಿಸಿದ್ದು ರುಫೈದಾ(ರ) ಎಂಬ ಮಹಿಳೆಯ ಡೇರೆಗೆ. ಆ ಡೇರೆ ಇದ್ದದ್ದು ಮದೀನಾದ ಮಸೀದಿಯಲ್ಲೇ.

ಪ್ರಶ್ನೆ ಕೇಳಿದ ಆ ಹುಡುಗನಿಗೆ ಸದ್ಯಕ್ಕೆ ಕೊಟ್ಟ ಉತ್ತರ ಇಷ್ಟು: ರಾತ್ರಿ ಹತ್ತಕ್ಕೆ ಜ್ವರ ಏರಿದರೆ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಗಾಡಿ ಇಲ್ಲದಿದ್ದರೆ 108. ಜಮಾಅತಿನ ಸಭೆಯಲ್ಲಿ ಒಂದು ನೋಟ್‌ಬುಕ್ಕು ತೆರೆದಿದ್ದೇವೆ. ಗಣಿಯಲ್ಲಿ ದುಡಿದು ಈಗ ಕೆಮ್ಮುತ್ತಿರುವ ಹಿರಿಯರು ಯಾವ ಮನೆಯಲ್ಲಿದ್ದಾರೆ, ಎಕ್ಸ್‌ರೇ ಆಗಿದೆಯೇ ಎಂದು ಅದರಲ್ಲಿ ಬರೆಯುತ್ತಿದ್ದೇವೆ. ಹಿಂದಿನ ಪುಟದಲ್ಲಿ ಇನ್ನೊಂದು ಪಟ್ಟಿ ಇದೆ: ಪಿ.ಯು.ಸಿ. ಮುಗಿಸಿ ನರ್ಸಿಂಗ್ ಓದಲು ಇಷ್ಟವಿರುವ ಹೆಣ್ಣುಮಕ್ಕಳದ್ದು. ಈವರೆಗೆ ಮೂರು ಹೆಸರು ಬಂದಿವೆ. ಒಬ್ಬಳ ತಂದೆ ಇನ್ನೂ ಒಪ್ಪಿಲ್ಲ. ಬರುವ ಭಾನುವಾರ ಅಸರ್ ನಮಾಝಿನ ನಂತರ ಮತ್ತೊಮ್ಮೆ ಅವರ ಮನೆಗೆ ಹೋಗುವುದಿದೆ, ಈ ಸಲ ನನ್ನ ಹೆಂಡತಿಯೂ ಬರುತ್ತೇನೆಂದಿದ್ದಾಳೆ.